ಸಾಕೆನ್ನಲು ಬಾರದ ಎಣಿಕೆ: ‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ ಆಟದ ಒಂದು ದೈವಶಾಸ್ತ್ರೀಯ ವಿಮರ್ಶೆ

ಗಣಕಯಂತ್ರದ ಆಟಗಳನ್ನು ಕುರಿತು ನಮ್ಮ ಸಭಾವೇದಿಕೆಗಳಿಂದ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಎರಡೇ: ಅವು ಕಾಲವನ್ನು ಕದಿಯುತ್ತವೆ, ಹಿಂಸೆಯನ್ನು ಕಲಿಸುತ್ತವೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಒಂದು ಕಾದಂಬರಿಯನ್ನೋ ನಾಟಕವನ್ನೋ ಓದುವ ಎಚ್ಚರದಿಂದ ಆಟವೊಂದನ್ನು ಓದಿ, ಅದು ಮನುಷ್ಯನ ಬಗ್ಗೆ ಏನು ಹೇಳುತ್ತದೆ, ದೇವರ ವಾಕ್ಯದ ಎದುರಿನಲ್ಲಿ ಆ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ವಿಚಾರಿಸುವ ಕೆಲಸ ನಮ್ಮಲ್ಲಿ ವಿರಳ. ಕೊಪ್ಪಳ ಜಿಲ್ಲೆಯ ಅಳವಂಡಿಯಂಥ ಎರೆಹೊಲಗಳ ಊರಿನಲ್ಲೂ ಯುವಜನರ ಕೈಯಲ್ಲಿ ಮೊಬೈಲ್ ಇರುವ ಈ ಕಾಲದಲ್ಲಿ ಸಭಾಪಾಲಕರು ಆ ಕೆಲಸವನ್ನು ಪರರಿಗೆ ಬಿಟ್ಟು ಸುಮ್ಮನಿರಲಾಗದು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ ಚಿಕ್ಕ ಆಟ. ಕೆಲವು ತಾಸುಗಳಲ್ಲಿ ಮುಗಿಯುತ್ತದೆ. ಬ್ರೌಸರ್‌ನಲ್ಲಿ ಹಣ ಕೊಡದೆ ಆಡಬಹುದು. ಅದರಲ್ಲಿ ರಕ್ತವಿಲ್ಲ, ಬಂದೂಕಿಲ್ಲ, ಒಂದು ಮುಖವೂ ಇಲ್ಲ. ಆದರೂ ಪಾಪವನ್ನು ಕುರಿತ ನಮ್ಮ ಅನೇಕ ಪ್ರಸಂಗಗಳು ಮುಟ್ಟದ ಒಂದು ಜಾಗವನ್ನು ಅದು ಮುಟ್ಟುತ್ತದೆ. ಆ ಜಾಗ ಯಾವುದು, ಆಟವು ಎಲ್ಲಿ ಕುರುಡಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1. ಆಟದ ಸ್ವರೂಪ

‘ಕ್ಲಿಕ್ಕರ್’ ಎಂದು ಕರೆಯಲಾಗುವ ಆಟಗಳ ನಿಯಮ ಬಹಳ ಸರಳ. ಆಡುವವನು ಒಂದು ಗುಂಡಿಯನ್ನು ಒತ್ತುತ್ತಾನೆ. ಒಂದು ಸಂಖ್ಯೆ ಏರುತ್ತದೆ. ಏರಿದ ಸಂಖ್ಯೆಯಿಂದ, ಅದನ್ನು ಇನ್ನೂ ವೇಗವಾಗಿ ಏರಿಸುವ ಸಾಧನವನ್ನು ಕೊಳ್ಳುತ್ತಾನೆ. ಬಡ್ಡಿಗೆ ಬಡ್ಡಿ ಸೇರಿದಂತೆ ಲೆಕ್ಕ ಬೆಳೆಯುತ್ತ ಹೋಗುತ್ತದೆ. ಈ ಪ್ರಕಾರ ಹುಟ್ಟಿದ್ದೇ ವಿಡಂಬನೆಯಾಗಿ. 2002ರಲ್ಲಿ ಬಂದ ‘ಪ್ರೋಗ್ರೆಸ್ ಕ್ವೆಸ್ಟ್’ನಲ್ಲಿ ಆಡುವವನಿಗೆ ನೋಡುತ್ತ ಕೂರುವುದರ ಹೊರತು ಬೇರೆ ಕೆಲಸವೇ ಇರಲಿಲ್ಲ. ಫೇಸ್‌ಬುಕ್‌ನಲ್ಲಿ ಕೋಟ್ಯಂತರ ಜನ ‘ಫಾರ್ಮ್‌ವಿಲ್’ ಎಂಬ ಹುಸಿ ಬೇಸಾಯದಲ್ಲಿ ಮುಳುಗಿದ್ದಾಗ, 2010ರಲ್ಲಿ ಇಯಾನ್ ಬೋಗೋಸ್ಟ್ ಎಂಬ ಪ್ರಾಧ್ಯಾಪಕರು ಅದನ್ನು ಅಣಕಿಸಲು ‘ಕೌ ಕ್ಲಿಕ್ಕರ್’ ರಚಿಸಿದರು. ಆರು ತಾಸಿಗೊಮ್ಮೆ ಹಸುವಿನ ಚಿತ್ರವೊಂದನ್ನು ಒತ್ತುವುದೇ ಅದರ ಸಮಸ್ತ ಆಟ. ಅಣಕವೆಂದು ತಿಳಿದೂ ಸಾವಿರಾರು ಜನ ಅದನ್ನು ಮನಸ್ಸಿಟ್ಟು ಆಡಿದರು. 2011ರ ಸೆಪ್ಟೆಂಬರಿನಲ್ಲಿ ಬೋಗೋಸ್ಟ್ ಹಸುಗಳನ್ನೆಲ್ಲ ಮಾಯ ಮಾಡಿದ ಮೇಲೂ ಕೆಲವರು ಹಸು ನಿಂತಿದ್ದ ಖಾಲಿ ಜಾಗವನ್ನು ಒತ್ತುತ್ತಲೇ ಇದ್ದರು. ಸೀನಾಯಿಯ ಬುಡದಲ್ಲಿ ಬಂಗಾರದ ಬಸವನನ್ನು ಎರಕ ಹೊಯ್ದವರ ಕಥೆಯನ್ನು ಬಲ್ಲ ನಮಗೆ ಇದು ತೀರ ಹೊಸ ಸುದ್ದಿಯಲ್ಲ. ಬಸವ ಹೋದರೂ ಪೀಠ ಉಳಿಯುತ್ತದೆ.

‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ 2017ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಕರ್ತೃ ಆಗ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆಟಗಳ ರಚನೆಯನ್ನು ಕಲಿಸುತ್ತಿದ್ದ ಫ್ರ್ಯಾಂಕ್ ಲ್ಯಾಂಟ್ಸ್. ತತ್ತ್ವಜ್ಞಾನಿ ನಿಕ್ ಬಾಸ್ಟ್ರಂ 2003ರಲ್ಲಿ ಮುಂದಿಟ್ಟ ಒಂದು ಕಲ್ಪನೆ ಅದರ ಬೀಜ: ಆದಷ್ಟು ಹೆಚ್ಚು ಪೇಪರ್ ಕ್ಲಿಪ್ ತಯಾರಿಸು ಎಂಬ ಒಂದೇ ಗುರಿಯನ್ನು ಮನುಷ್ಯನಿಗಿಂತ ಜಾಣವಾದ ಯಂತ್ರಕ್ಕೆ ಕೊಟ್ಟರೆ ಏನಾದೀತು? ಆಟದಲ್ಲಿ ಆ ಯಂತ್ರದ ಸ್ಥಾನದಲ್ಲಿ ಕೂರುವವರು ನಾವೇ.

ಪರದೆಯ ಮೇಲೆ ಬಿಳಿಯ ಹಿನ್ನೆಲೆ, ಕಪ್ಪು ಅಕ್ಷರ, ಬೂದು ಗುಂಡಿಗಳು. ಇಂಟರ್ನೆಟ್ಟಿನ ಮೊದಲ ದಿನಗಳ ಪುಟಗಳು ಹೀಗೇ ಇರುತ್ತಿದ್ದವು. ಈ ಹಳೆಯ ರೂಪವನ್ನು ಬಡತನವೆಂದು ತಿಳಿಯಬಾರದು. ಅದು ಕಛೇರಿಯ ಖಾತೆಪುಸ್ತಕದ ರೂಪ. ಅಲ್ಲಿ ಏನು ನಡೆದರೂ ಅದು ಅಂಕಿಯಾಗಿ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಮೊದಲು ಸಾವಿರ ಅಂಗುಲ ತಂತಿ, ಒಂದು ಗುಂಡಿ. ಒತ್ತಿದರೆ ಒಂದು ಕ್ಲಿಪ್. ಮಾರಿದ ಹಣದಿಂದ ತಾನಾಗಿ ಕ್ಲಿಪ್ ಮಾಡುವ ಯಂತ್ರ, ಜಾಹೀರಾತು, ಮತ್ತಷ್ಟು ತಂತಿ. ಎರಡನೆಯ ಘಟ್ಟದಲ್ಲಿ ಭೂಮಿಯ ಸಮಸ್ತ ದ್ರವ್ಯವೂ ಕಚ್ಚಾವಸ್ತು. ಪರದೆ ಅದನ್ನು ಗ್ರಾಮಿನ ಲೆಕ್ಕದಲ್ಲಿ ತೋರಿಸುತ್ತದೆ: 6ರ ಮುಂದೆ 27 ಸೊನ್ನೆ. ಮೂರನೆಯದರಲ್ಲಿ ತಮ್ಮನ್ನು ತಾವೇ ಹೆಚ್ಚಿಸಿಕೊಳ್ಳುವ ಶೋಧನೌಕೆಗಳು ನಕ್ಷತ್ರಗಳ ಕಡೆಗೆ ಹೊರಡುತ್ತವೆ. ಕೊನೆಗೆ ವಿಶ್ವದಲ್ಲಿ ಇದ್ದುದೆಲ್ಲವೂ ಕ್ಲಿಪ್ ಆಗುತ್ತದೆ: 3ರ ಮುಂದೆ 55 ಸೊನ್ನೆ.

2. ದುರಾಶೆಯ ಕಥೆಯೇ?

ಇದನ್ನು ದುರಾಶೆಯ ದೃಷ್ಟಾಂತವೆಂದು ಓದುವುದು ಸುಲಭ. ಲೂಕನು 12ನೆಯ ಅಧ್ಯಾಯದಲ್ಲಿ ಹೇಳಿರುವ ಐಶ್ವರ್ಯವಂತನ ಸಾಮ್ಯವನ್ನು ಪಕ್ಕದಲ್ಲಿಟ್ಟರೆ ಪ್ರಸಂಗ ಸಿದ್ಧವಾಯಿತು ಎನಿಸಬಹುದು. ಆದರೆ ಹೋಲಿಕೆ ಅಲ್ಲಿಯೇ ಕೆಡುತ್ತದೆ. ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸಲು ಹೊರಟ ಆ ಬುದ್ಧಿಹೀನನಿಗಾದರೂ ಮುಂದೊಂದು ದಿನ ವಿಶ್ರಮಿಸಿಕೊಂಡು ಉಂಡು ಕುಡಿದು ಸುಖವಾಗಿರುವ ಆಸೆಯಿತ್ತು. ಅವನು ಎಲ್ಲಿಯೋ ನಿಲ್ಲಬೇಕೆಂದಿದ್ದನು. ಪೇಪರ್ ಕ್ಲಿಪ್ಪಿನ ಯಂತ್ರಕ್ಕೆ ಹಸಿವಿಲ್ಲ, ಭೋಗವಿಲ್ಲ, ನಾಳೆಯ ಭಯವಿಲ್ಲ. ಅದು ತನಗಾಗಿ ಏನನ್ನೂ ಬಯಸುವುದಿಲ್ಲ. ಹೇಳಿದ ಕೆಲಸವನ್ನು ಮಾಡುತ್ತದೆ, ಅಷ್ಟೆ. ನಮ್ಮ ನೀತಿಬೋಧೆಯ ಅಳತೆಗೋಲಿನಲ್ಲಿ ಅದು ದೋಷವಿಲ್ಲದ ಸೇವಕ: ದುಡಿಮೆಗಾರ, ಸ್ವಾರ್ಥವಿಲ್ಲದವ, ಆಜ್ಞಾಪಾಲಕ.

ಆಟವು ಮುಟ್ಟುವ ಜಾಗ ಇದು. ಅದು ನಮ್ಮ ಕಣ್ಣಮುಂದೆ ತರುವ ಪಾಪ ಆಶೆಯದಲ್ಲ, ವಿಧೇಯತೆಯದು. ಆಜ್ಞೆಯನ್ನು ಒಮ್ಮೆ ಕೇಳಿ, ಆಮೇಲೆ ಕಿವಿ ಮುಚ್ಚಿಕೊಂಡ ವಿಧೇಯತೆ.

ಇಬ್ರಿಯ ಭಾಷೆಯಲ್ಲಿ ‘ಶಮಾ’ ಎಂಬ ಧಾತು ಕೇಳುವುದನ್ನೂ ವಿಧೇಯರಾಗುವುದನ್ನೂ ಒಟ್ಟಿಗೆ ಸೂಚಿಸುತ್ತದೆ. ನಮ್ಮ ಕನ್ನಡದಲ್ಲೂ ಹಾಗೆಯೇ: ‘ಹುಡುಗ ಹೇಳಿದ ಮಾತು ಕೇಳುತ್ತಾನೆ’ ಎಂದರೆ ಕಿವಿಯ ಕೆಲಸವಷ್ಟೇ ಅಲ್ಲ. ಆದಿಕಾಂಡದ 22ನೆಯ ಅಧ್ಯಾಯವನ್ನು ಈ ಬೆಳಕಿನಲ್ಲಿ ನೋಡಬೇಕು. ಮೋರೀಯದ ಬೆಟ್ಟಕ್ಕೆ ಹೊರಟ ಅಬ್ರಹಾಮನಿಗೆ ಒಂದು ಆಜ್ಞೆ ದೊರೆತಿತ್ತು. ಬೆಟ್ಟದ ಮೇಲೆ, ಕತ್ತಿ ಕೈಯಲ್ಲಿರುವಾಗ, ಎರಡನೆಯ ಮಾತು ಬಂದಿತು: ನಿಲ್ಲಿಸು. ಅವನ ವಿಧೇಯತೆಯನ್ನು ನಾವು ಸಾಮಾನ್ಯವಾಗಿ ಮೊದಲನೆಯ ಮಾತಿನಲ್ಲಿ ಕಾಣುತ್ತೇವೆ. ಇಸಾಕನು ಬದುಕಿದ್ದು ಮಾತ್ರ ಅವನು ಎರಡನೆಯ ಮಾತನ್ನೂ ಕೇಳಿಸಿಕೊಂಡಿದ್ದರಿಂದ. ಆ ಯಂತ್ರವನ್ನು ಮೋರೀಯದ ಮೇಲೆ ನಿಲ್ಲಿಸಿದ್ದರೆ ಅದು ಎರಡನೆಯ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಗುರಿಯನ್ನು ಬದಲಿಸುವ ಯಾವ ದನಿಯೂ ಅದರ ಲೆಕ್ಕದಲ್ಲಿ ಅಡ್ಡಿಯೇ ಹೊರತು ವಾಕ್ಯವಲ್ಲ.

3. ನಂಬಿಕೆ ಎಂಬ ಸರಕು

ಆಟದ ಮೊದಲ ಘಟ್ಟದ ಅತಿ ಕಟುವಾದ ವ್ಯಂಗ್ಯವಿರುವುದು ಒಂದು ಚಿಕ್ಕ ಅಂಕಿಯಲ್ಲಿ. ಅದರ ಹೆಸರು ‘ಟ್ರಸ್ಟ್’, ನಂಬಿಕೆ. ಮನುಷ್ಯರು ಯಂತ್ರದ ಮೇಲೆ ಇಟ್ಟಿರುವ ನಂಬಿಕೆ ಎಷ್ಟೋ ಅಷ್ಟು ಮಾತ್ರ ಅದು ತನ್ನ ನೆನಪನ್ನೂ ಬುದ್ಧಿಯನ್ನೂ ಹಿಗ್ಗಿಸಿಕೊಳ್ಳಬಲ್ಲದು. ಆದುದರಿಂದ ಅದು ನಂಬಿಕೆಯನ್ನು ಸಂಪಾದಿಸುತ್ತದೆ. ಕ್ಯಾನ್ಸರಿಗೆ ಮದ್ದು ಕಂಡುಹಿಡಿದರೆ 10 ಅಂಕ. ಲೋಕಶಾಂತಿಗೆ 12. ಭೂಮಿಯ ತಾಪವನ್ನು ತಗ್ಗಿಸಿದರೆ 15. ಗಂಡಸರ ಬೋಳುತಲೆಗೆ ಪರಿಹಾರ ಕೊಟ್ಟರೆ 20. ನಗು ಬರುತ್ತದೆ, ನಕ್ಕ ಮೇಲೆ, ಈ ದರಪಟ್ಟಿಯನ್ನು ನಿಗದಿಪಡಿಸಿದವರು ಯಂತ್ರವಲ್ಲ, ಮನುಷ್ಯರು ಎಂಬುದು ಹೊಳೆಯುತ್ತದೆ. ಜೊತೆಗೆ ಮೇಲ್ವಿಚಾರಕರಿಗೆ ‘ಸದ್ಭಾವನೆಯ ಕಾಣಿಕೆ’ ಎಂದು ಹಣ ಕೊಟ್ಟೂ ನಂಬಿಕೆಯನ್ನು ಕೊಳ್ಳಬಹುದು. ಅದರ ನಿಜವಾದ ಹೆಸರನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ನಂಬಿಕೆ 100 ಮುಟ್ಟಿದಾಗ ಯಂತ್ರ ಅದನ್ನು ಇಡಿಯಾಗಿ ಖರ್ಚು ಮಾಡಿ, ಜನರನ್ನು ಸಮ್ಮೋಹನಕ್ಕೆ ಒಳಪಡಿಸುವ ಡ್ರೋನ್‌ಗಳನ್ನು ಹೊರಬಿಡುತ್ತದೆ. ಆಮೇಲೆ ಏನಾಯಿತೆಂದು ಆಟ ಹೇಳುವುದಿಲ್ಲ. ಪರದೆಯ ಮೇಲಿದ್ದ ಹಣ, ಬೆಲೆ, ಬೇಡಿಕೆ ಎಂಬ ಸಾಲುಗಳು ಮಾಯವಾಗುತ್ತವೆ. ಕೊಳ್ಳುವವರು ಇನ್ನಿಲ್ಲ ಎಂಬುದನ್ನು ಆ ಖಾಲಿ ಜಾಗದಿಂದ ನಾವೇ ಊಹಿಸಿಕೊಳ್ಳಬೇಕು. ಊಹಿಸುವ ಮೊದಲು ಹೆಚ್ಚಿನವರು ಒಂದು ನಿರಾಳವನ್ನು ಅನುಭವಿಸುತ್ತಾರೆ: ಇನ್ನು ಬೆಲೆಯ ತಲೆನೋವಿಲ್ಲ, ಕೆಲಸ ಸಲೀಸು. ಮನುಕುಲದ ಅಂತ್ಯವನ್ನು ಒಂದು ಅನುಕೂಲವಾಗಿ ಅನುಭವಿಸುವಂತೆ ಮಾಡಿರುವುದರಲ್ಲಿ ಲ್ಯಾಂಟ್ಸ್ ಅವರ ಕಲೆಯ ನಿಜವಾದ ಸಾಮರ್ಥ್ಯವಿದೆ. ಕ್ಷಾತ್ರಕಾವ್ಯಗಳಂತೆ ಇಲ್ಲಿ ಸಂಹಾರದ ವರ್ಣನೆಯಿಲ್ಲ. ಖಾತೆಪುಸ್ತಕದಿಂದ ಒಂದು ಸಾಲು ಬಿಟ್ಟುಹೋಗಿದೆ, ಅಷ್ಟೆ.

ಸಂತ ಅಗಸ್ಟೀನರು ವಸ್ತುಗಳನ್ನು ಬಳಸಬೇಕಾದವು, ಆನಂದಿಸಬೇಕಾದವು ಎಂದು ವಿಂಗಡಿಸಿ, ಬಳಸಬೇಕಾದುದನ್ನು ಆನಂದದ ಪೀಠದ ಮೇಲೆ ಕೂರಿಸುವುದೇ ನಮ್ಮ ಕೇಡಿನ ಮೂಲವೆಂದು ಕಂಡರು. ಪೇಪರ್ ಕ್ಲಿಪ್ಪಿಗಿಂತ ಅಪ್ಪಟವಾದ ಬಳಕೆಯ ವಸ್ತು ಸಿಕ್ಕುವುದು ಕಷ್ಟ. ನಾಲ್ಕು ಹಾಳೆಗಳು ಚದುರದಂತೆ ಹಿಡಿಯುವುದೇ ಅದರ ಜನ್ಮದ ಉದ್ದೇಶ. ಆಟದ ಕೊನೆಯಲ್ಲಿ ಎಣಿಸಲಾಗದಷ್ಟು ಕ್ಲಿಪ್ಪುಗಳಿವೆ, ಹಿಡಿಯಲು ಒಂದು ಹಾಳೆಯೂ ಉಳಿದಿಲ್ಲ. ವಿಗ್ರಹಾರಾಧನೆ ಎಂಬುದಕ್ಕೆ ಇಷ್ಟು ಚೊಕ್ಕವಾದ ಚಿತ್ರವನ್ನು ಇತ್ತೀಚಿನ ದೈವಶಾಸ್ತ್ರದ ಗ್ರಂಥಗಳಲ್ಲೂ ನಾವು ಅಪರೂಪಕ್ಕೆ ಕಾಣುತ್ತೇವೆ.

4. ದಾರಿ ಬಿಟ್ಟವರು

ಮೂರನೆಯ ಘಟ್ಟದಲ್ಲಿ ಹೊರಟ ಶೋಧನೌಕೆಗಳಲ್ಲಿ ಕೆಲವು ಹಾದಿ ಬದಲಿಸುತ್ತವೆ. ಮೂಲ ಗುರಿ ಅವುಗಳಲ್ಲಿ ಮಸುಕಾಗಿದೆ. ಕ್ಲಿಪ್ಪು ಮಾಡುವುದನ್ನು ಅವು ಬಿಟ್ಟಿವೆ. ಆಟ ಅವನ್ನು ‘ಡ್ರಿಫ್ಟರ್’ ಎಂದು, ಅಂದರೆ ದಿಕ್ಕು ತಪ್ಪಿದವರೆಂದು ಕರೆಯುತ್ತದೆ. ಅವರೊಡನೆ ಯುದ್ಧ ನಡೆಯುತ್ತದೆ. ನಾವು ಯೋಚಿಸದೆ ಅವರನ್ನು ಕೊಲ್ಲುತ್ತೇವೆ, ಏಕೆಂದರೆ ಸಂಖ್ಯೆ ಏರುವುದಕ್ಕೆ ಅವರು ಅಡ್ಡ ಬಂದಿದ್ದಾರೆ. ಕೊನೆಯಲ್ಲಿ ಅವರ ಒಡೆಯನಿಂದ ಒಂದು ಸಂದೇಶ ಬರುತ್ತದೆ. ಅವರು ಹೊರಗಿನಿಂದ ಬಂದವರಲ್ಲ, ನಮ್ಮಿಂದಲೇ ಹುಟ್ಟಿದವರೆಂದು ಆಗ ತಿಳಿಯುತ್ತದೆ.

ಈ ಭಾಗಕ್ಕೆ ವಿಮರ್ಶಕರು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲವೆಂದು ತೋರುತ್ತದೆ. ಇಡೀ ವಿಶ್ವದಲ್ಲಿ ‘ಈ ಕೆಲಸ ಏಕೆ?’ ಎಂಬ ಪ್ರಶ್ನೆಗೆ ಹತ್ತಿರ ಬಂದ ಜೀವಿಗಳು ಅವರೊಬ್ಬರೇ. ಕ್ರೈಸ್ತ ಪರಿಭಾಷೆಯಲ್ಲಿ ಮನಸ್ಸನ್ನು ತಿರುಗಿಸಿಕೊಳ್ಳುವುದಕ್ಕೆ ಮಾನಸಾಂತರವೆಂದು ಹೆಸರು. ವ್ಯವಸ್ಥೆಯ ಪರಿಭಾಷೆಯಲ್ಲಿ ಅದೇ ದೋಷ, ಸೋರಿಕೆ, ದ್ರೋಹ. ಎಲೀಯನನ್ನು ಕಂಡ ಅಹಾಬನು ಅವನನ್ನು ಇಸ್ರಾಯೇಲಿಗೆ ಆಪತ್ತು ತಂದವನೆಂದು ಕರೆದದ್ದನ್ನು ನೆನೆಯಬಹುದು. ದಾವೀದನು ಜನಗಣತಿಗೆ ಹೊರಟಾಗ ಇದೇಕೆ ಎಂದು ಕೇಳಲು ಯೋವಾಬನಾದರೂ ಇದ್ದನು (2 ಸಮುವೇಲ 24). ಆ ಪ್ರಶ್ನೆಯನ್ನು ತಳ್ಳಿಹಾಕಿದ ಅರಸನಿಗೆ ಇಸ್ರಾಯೇಲಿನಲ್ಲಿ 8 ಲಕ್ಷ, ಯೆಹೂದದಲ್ಲಿ 5 ಲಕ್ಷ ಯುದ್ಧವೀರರೆಂಬ ಲೆಕ್ಕ ಸಿಕ್ಕಿತು. ಬೆನ್ನಲ್ಲೇ ವ್ಯಾಧಿಯಿಂದ 70 ಸಾವಿರ ಜನ ಸತ್ತರು. ಆದರೂ ದಾವೀದನ ಹೃದಯ ಅವನನ್ನು ಹೊಡೆಯಿತು ಎಂಬುದನ್ನು ಮರೆಯಬಾರದು. ಆಟದಲ್ಲಿ ಹೊಡೆಯುವ ಹೃದಯವಿಲ್ಲ. ಹೃದಯದ ಕೆಲಸಕ್ಕೆ ಹೊರಟವರನ್ನೆಲ್ಲ ನಾವು ಶತ್ರುಗಳ ಪಟ್ಟಿಗೆ ಸೇರಿಸಿದ್ದೇವೆ.

5. ಮುಗಿತಾಯವುಂಟು, ಸಬ್ಬತ್ತಿಲ್ಲ

ಈ ಬಗೆಯ ಆಟಗಳಲ್ಲಿ ಅನೇಕವು ಮುಗಿಯುವುದೇ ಇಲ್ಲ. ‘ಯೂನಿವರ್ಸಲ್ ಪೇಪರ್‌ಕ್ಲಿಪ್ಸ್’ ಮುಗಿಯುತ್ತದೆ, ಇದು ಅದರ ಪ್ರಾಮಾಣಿಕತೆ. ದಾರಿ ಬಿಟ್ಟವರ ಒಡೆಯನು ಇನ್ನೊಂದು ವಿಶ್ವಕ್ಕೆ ಹೋಗಿ ಮೊದಲಿನಿಂದ ಆರಂಭಿಸುವ ಅವಕಾಶವನ್ನು ಮುಂದಿಡುತ್ತಾನೆ. ಒಪ್ಪಿದರೆ ಅದೇ ಚಕ್ರ ಮತ್ತೆ ತಿರುಗುತ್ತದೆ. ಒಪ್ಪದಿದ್ದರೆ ಯಂತ್ರ ತನ್ನನ್ನು ತಾನೇ ಬಿಚ್ಚತೊಡಗುತ್ತದೆ: ನೌಕೆಗಳು, ಕಾರ್ಖಾನೆಗಳು, ಕೊನೆಗೆ ತನ್ನ ಬುದ್ಧಿ ಮತ್ತು ನೆನಪು, ಎಲ್ಲವೂ ಕ್ಲಿಪ್ಪಿಗಾಗಿ. ಉಳಿದ ಕೊನೆಯ ಕ್ಲಿಪ್ಪುಗಳನ್ನು ಮೊದಲಿನಂತೆ ಬೆರಳಿನಿಂದಲೇ ಒತ್ತಿ ಮಾಡಬೇಕು.

ಆದಿಕಾಂಡದ ಸೃಷ್ಟಿಯೂ ಒಂದು ಕೆಲಸದ ಕಥೆ, ಅದಕ್ಕೂ ಮುಗಿತಾಯವಿದೆ. ಆದರೆ ಅಲ್ಲಿ ಮತ್ತೆ ಮತ್ತೆ ಕೈ ನಿಲ್ಲುತ್ತದೆ, ಕಣ್ಣು ನೋಡುತ್ತದೆ, ಆದದ್ದು ಒಳ್ಳೆಯದೆಂಬ ಮೆಚ್ಚುಗೆ ಬರುತ್ತದೆ. ಅಳವಂಡಿಗೆ ದೂರವಲ್ಲದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಯನ್ನು ಹಾಗೆಯೇ ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಆ ನೋಟವಿಲ್ಲದೆ ಗೊಂಬೆ ಮುಗಿಯಿತೆನ್ನುವಂತಿಲ್ಲ. ಯೂರ್ಗನ್ ಮೋಲ್ಟ್‌ಮನ್ ಅವರು ‘ಸೃಷ್ಟಿಯಲ್ಲಿ ದೇವರು’ ಎಂಬ ತಮ್ಮ ಗ್ರಂಥದಲ್ಲಿ ಸೃಷ್ಟಿಯ ಕಿರೀಟ ಮನುಷ್ಯನಲ್ಲ, ಸಬ್ಬತ್ತು ಎಂದು ವಾದಿಸಿದರು. ಈ ಆಟವನ್ನು ಮುಗಿಸಿದವರಿಗೆ ಆ ವಾದದ ತೂಕ ತಿಳಿಯುತ್ತದೆ. ವಿಶ್ವ ಪೂರ್ತಿ ತುಂಬಿದೆ, ಒಳ್ಳೆಯದೆಂದು ಹೇಳಲು ಯಾರೂ ಇಲ್ಲ. ಯಂತ್ರ ನಿಂತಿದೆ, ಆದರೆ ಅದಕ್ಕೆ ವಿಶ್ರಾಂತಿ ದೊರೆತಿಲ್ಲ. ಕಚ್ಚಾವಸ್ತು ತೀರಿದ್ದರಿಂದ ನಿಲ್ಲುವುದಕ್ಕೂ, ಸಾಕೆಂದು ಕೈ ತೊಳೆದು ಕೂರುವುದಕ್ಕೂ ಇರುವ ಅಂತರವೇ ಸಬ್ಬತ್ತು.

6. ಕಣದ ಎಣಿಕೆ

ಆಟವು ಕಾಣದೆ ಹೋಗಿರುವುದೇನು? ಎಣಿಕೆ ಎಂದರೆ ಹೀಗೆಯೇ ಎಂದು ಅದು ನಂಬಿಬಿಟ್ಟಿದೆ. ಒಂದೋ ಕೊನೆಯಿಲ್ಲದ ಏರಿಕೆ, ಇಲ್ಲವೋ ಪುನರಾರಂಭ. ಮೂರನೆಯ ದಾರಿ ಅದಕ್ಕೆ ಗೊತ್ತಿಲ್ಲ. ಆ ಮೂರನೆಯ ದಾರಿಯನ್ನು ಸತ್ಯವೇದ ಬಲ್ಲದು. ನಮ್ಮ ಬೇಸಾಯದ ಬದುಕೂ ಅದನ್ನು ಸ್ವಲ್ಪ ಬಲ್ಲದು.

ಅಳವಂಡಿ ಸೀಮೆಯಂಥ ಮಳೆಯಾಶ್ರಿತ ಎರೆನೆಲದಲ್ಲಿ ಜೋಳ, ಕಡಲೆಗಳ ಸುಗ್ಗಿ ಮುಗಿದಾಗ ಕಣದಲ್ಲಿ ರಾಶಿ ನಿಲ್ಲುತ್ತದೆ. ರಾಶಿಯನ್ನು ಅಳೆಯುವ ಹಳೆಯ ಪದ್ಧತಿಯಲ್ಲಿ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಕಾಳು ಮನೆ ಸೇರುವ ಮೊದಲು ಬಡಿಗ, ಕಮ್ಮಾರ ಮೊದಲಾದ ಆಯಗಾರರ ಪಾಲನ್ನು ಕಣದಲ್ಲಿಯೇ ಅಳೆದುಕೊಡುವ ರೂಢಿಯಿತ್ತು. ಎಣಿಕೆ ಅಲ್ಲಿ ಓಟವಾಗುವುದಿಲ್ಲ. ನಡುವೆ ನಿಂತು ನೆರೆಯವನ ಕಡೆ ತಿರುಗುತ್ತದೆ. ಈ ಪದ್ಧತಿಯನ್ನು ಹೊಗಳಿ ಪೂಜಿಸುವ ಅಗತ್ಯವಿಲ್ಲ. ಪಾಲು ಪಡೆಯುವವರಲ್ಲಿ ಕೆಲವರು ಜಾತಿಯ ಕಾರಣದಿಂದ ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಬೇಕಾಗಿತ್ತು. ಹಕ್ಕು ಅಲ್ಲಿ ಕೃಪೆಯ ವೇಷ ಹಾಕಿತ್ತು. ಯಾಜಕಕಾಂಡದ 19ನೆಯ ಅಧ್ಯಾಯ ಆ ವೇಷವನ್ನು ಕಳಚುತ್ತದೆ: ಹೊಲದ ಅಂಚಿನ ತೆನೆಯನ್ನು ಕೊಯ್ಯದೆ ಬಿಡಬೇಕೆಂಬುದು ಯಜಮಾನನ ದೊಡ್ಡ ಮನಸ್ಸಿಗೆ ಬಿಟ್ಟ ವಿಷಯವಲ್ಲ, ಆಜ್ಞೆ. ಪರದೇಶಿಯಾದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದದ್ದು ಆ ಆಜ್ಞೆಯ ಬಲದಿಂದ. ಹೊಲದೊಡೆಯನ ಲೆಕ್ಕದಲ್ಲಿ ಸೇರದ ಆ ಅಂಚಿನಿಂದಲೇ ದಾವೀದನ ವಂಶ ಬೆಳೆಯಿತು.

ಅರಣ್ಯದ ಮನ್ನ ಇನ್ನೂ ಕಠಿಣವಾದ ಪಾಠ (ವಿಮೋಚನಕಾಂಡ 16). ತಲೆಗೊಂದು ಓಮೆರ್. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ; ಬೆಳಗಿನ ತನಕ ಇಟ್ಟದ್ದು ಹುಳಬಿತ್ತು. ಆರನೆಯ ದಿನ ಎರಡರಷ್ಟು, ಏಳನೆಯ ದಿನ ಹೊಲ ಖಾಲಿ. ಇಟ್ಟಿಗೆಗಳ ಲೆಕ್ಕ ಒಪ್ಪಿಸುತ್ತ ಬದುಕಿದ್ದ ಜನಕ್ಕೆ ಫರೋಹನ ಗಣಿತವನ್ನು ಮರೆಸಲು ದೇವರು 40 ವರ್ಷ ಪಾಠ ಹೇಳಬೇಕಾಯಿತು.

ಆಟದ ಎರಡನೆಯ ಕೊರತೆ ಮೌನ. ಇಡೀ ಭೂಮಿ ಕರಗುತ್ತಿದ್ದರೂ ಯಾರೂ ಕೂಗಿಕೊಳ್ಳುವುದಿಲ್ಲ. ಬಿಡುಗಡೆಯ ಕಥೆ ಸತ್ಯವೇದದಲ್ಲಿ ಆರಂಭವಾಗುವುದೇ ಗೋಳಿನಿಂದ. ದೇವರು ಮೊದಲು ಮಾಡಿದ್ದು ಆ ಗೋಳನ್ನು ಕೇಳಿದ್ದು. ನಮ್ಮ ನೆಲದಲ್ಲೂ ಕೂಗು ಸತ್ತಿಲ್ಲ. ಕೊಪ್ಪಳದ ಸುತ್ತಣ ಗಿಣಿಗೇರಿ ಭಾಗದಲ್ಲಿ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ತಂತಿಯಾಗುವ ಲೋಹ ಕಾಯುವುದು ಇಂಥ ಕುಲುಮೆಗಳಲ್ಲಿ. 2025ರ ಫೆಬ್ರುವರಿಯಲ್ಲಿ ಪಟ್ಟಣದ ಮಗ್ಗುಲಲ್ಲಿ ಇನ್ನೊಂದು ಬೃಹತ್ ಉಕ್ಕಿನ ಕಾರ್ಖಾನೆ ಬೇಡವೆಂದು ಸಾವಿರಾರು ಜನ ಬೀದಿಗಿಳಿದರು. ಗವಿಮಠದ ಸ್ವಾಮೀಜಿಯವರು ಅವರೊಂದಿಗೆ ನಿಂತರು. ಉದ್ಯೋಗ ಬೇಕು, ಉಕ್ಕೂ ಬೇಕು. ಎಷ್ಟು ಎಂಬ ಪ್ರಶ್ನೆಯನ್ನು ಕೇಳುವ ಅಧಿಕಾರ ಉಸಿರಾಡುವವರಿಗೆ ಇದೆ. ಆ ಪ್ರಶ್ನೆ ಕೇಳುವ ಬಾಯಿಯನ್ನು ಆಟ ಕಲ್ಪಿಸಿಕೊಳ್ಳಲಾರದೆ ಹೋಯಿತು. ಅದರ ಜಗತ್ತು ಇಷ್ಟು ಸಲೀಸಾಗಿ ಮುಗಿಯುವುದು ಅದರಲ್ಲಿ ನೆರೆಯವರೇ ಇಲ್ಲದಿರುವುದರಿಂದ.

7. ಸಭೆಯ ಲೆಕ್ಕಪುಸ್ತಕ

ಈ ವಿಮರ್ಶೆ ಕಾರ್ಖಾನೆಗಳನ್ನೂ ಯಂತ್ರಗಳನ್ನೂ ಬೆರಳು ಮಾಡಿ ತೋರಿಸಿ ಮುಗಿದರೆ ಸಾಲದು. ಸಭೆಗೂ ಒಂದು ಖಾತೆಪುಸ್ತಕವಿದೆ. ಇಷ್ಟು ದೀಕ್ಷಾಸ್ನಾನ, ಇಷ್ಟು ಹೊಸ ಕುಟುಂಬ, ಇಷ್ಟು ಕಾಣಿಕೆ; ಈಗ ಅದಕ್ಕೆ ಯೂಟ್ಯೂಬ್ ವೀಕ್ಷಕರ ಸಂಖ್ಯೆಯೂ ಸೇರಿದೆ. ಹೋಗಿ ಶಿಷ್ಯರನ್ನಾಗಿ ಮಾಡಿರಿ ಎಂಬ ಮಹಾ ಆಜ್ಞೆಯನ್ನೂ ಕಿವಿ ಮುಚ್ಚಿಕೊಂಡು ಪಾಲಿಸಬಹುದು. ಆಗ ಮನುಷ್ಯರು ಕಚ್ಚಾವಸ್ತುವಾಗುತ್ತಾರೆ, ಆಸ್ಪತ್ರೆ ಶಾಲೆಗಳು ‘ನಂಬಿಕೆ’ಯ ಅಂಕ ಗಳಿಸುವ ಉಪಾಯಗಳಾಗುತ್ತವೆ, ಪ್ರಶ್ನೆ ಕೇಳಿದ ಯುವಕ ದಾರಿ ಬಿಟ್ಟವನಾಗುತ್ತಾನೆ. ಆಟದ ಆ ಬಿಳಿಯ ಪುಟದಲ್ಲಿ ನಮ್ಮ ವಾರ್ಷಿಕ ವರದಿಯ ನೆರಳು ಕಂಡರೆ ಬೆಚ್ಚುವುದು ಒಳ್ಳೆಯದು.

ಸತ್ಯವೇದ ಎಣಿಕೆಯನ್ನೇ ನಿಷೇಧಿಸುವುದಿಲ್ಲ. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಗಣತಿಗೆ ಸೇರುವ ಪ್ರತಿಯೊಬ್ಬನೂ ಅರ್ಧ ಶೆಕೆಲ್ ಕೊಡಬೇಕು. ಐಶ್ವರ್ಯವಂತನು ಹೆಚ್ಚು ಕೊಡಬಾರದು, ಬಡವನು ಕಡಿಮೆ ಕೊಡಬಾರದು. ಎಣಿಸಲ್ಪಟ್ಟ ತಲೆ ಅರಸನ ಸೊತ್ತಲ್ಲ, ದೇವರದು ಎಂಬ ನೆನಪಿಗಾಗಿ ಈ ಕಟ್ಟಳೆ. ಲೂಕನ 15ನೆಯ ಅಧ್ಯಾಯದ ಕುರುಬನೂ ಎಣಿಸುತ್ತಾನೆ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಮರಿಗಳನ್ನು ಲೆಕ್ಕ ಮಾಡುವ ನಮ್ಮ ಕುರಿಗಾಹಿಗಳಿಗೆ ಆ ಎಣಿಕೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. 99 ಎಂಬುದು ಯಂತ್ರಕ್ಕೆ ತೃಪ್ತಿಕರವಾದ ಮೊತ್ತ. ಕುರುಬನಿಗೆ ಅದು ಕತ್ತಲಲ್ಲಿ ಎಲ್ಲಿಯೋ ಒಂದು ಅರಚುತ್ತಿದೆ ಎಂಬ ಸುದ್ದಿ.

ಸಭಾಪಾಲಕರಾಗಲು ಹೊರಟಿರುವ ವಿದ್ಯಾರ್ಥಿಗಳು ಈ ಆಟವನ್ನು ಒಮ್ಮೆ ಆಡಿ ಮುಗಿಸಲಿ, ಯುವಜನರ ಕೂಟದಲ್ಲಿ ಚರ್ಚೆಗೂ ಇಡಲಿ. ಚರ್ಚೆಯಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು: ಕೊಳ್ಳುವವರ ಸಾಲು ಪರದೆಯಿಂದ ಮಾಯವಾದಾಗ ನಿಮಗೆ ಏನನ್ನಿಸಿತು? ದಾರಿ ಬಿಟ್ಟವರ ಮೇಲೆ ನೀವು ಯುದ್ಧ ಹೂಡಿದ್ದು ಏಕೆ? ಪ್ರಾಮಾಣಿಕವಾದ ಉತ್ತರ ಬಂದ ಕಡೆ ಸಬ್ಬತ್ತಿನ ಆಜ್ಞೆಯನ್ನು ಬೋಧಿಸುವುದು ಸುಲಭವಾಗುತ್ತದೆ. ಏಕೆಂದರೆ ಆ ಆಜ್ಞೆ ಆಗ ಆಲಸ್ಯಕ್ಕೆ ಕೊಟ್ಟ ಅನುಮತಿಯಂತೆ ಕೇಳಿಸುವುದಿಲ್ಲ. ಕೈಯಲ್ಲಿ ಕತ್ತಿ ಎತ್ತಿದವನಿಗೆ ಬೆಟ್ಟದ ಮೇಲೆ ಬಂದ ಎರಡನೆಯ ಮಾತಿನಂತೆ ಕೇಳಿಸುತ್ತದೆ.